ಕ್ಯಾಮರಾದೊಳಗಿನ ಮಂಜು

ಕೀಲ್ಪಾಕ್, ಚೆನ್ನೈ
20 ಜನವರಿ 2025

ಪ್ರೀತಿಯ ಮಧುರಾ,

ನೀನೂ ಅಳಿಯಂದಿರೂ ಕ್ಷೇಮವೆಂದು ನಂಬಿದ್ದೇನೆ. ಹೊಸಪೇಟೆಯಿಂದ ನೀನು ಕಳಿಸಿದ ಎಳ್ಳುಬೆಲ್ಲ ಹಬ್ಬಕ್ಕೆ ಮೊದಲೇ ಬಂತು. ಜೊತೆಗಿದ್ದ ಕಾಗದಕ್ಕೆ ಉತ್ತರ ಬರೆಯದೆ ಸತಾಯಿಸಿದೆ, ಫೋನನ್ನೂ ಎರಡು ಮಾತಿಗೆ ಮುಗಿಸಿದೆ. ಕೋಪ ಬಂದಿರಬೇಕು. ಕಾರಣವನ್ನು ಈಗ ಹೇಳುತ್ತೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕಿ ಬೈಯುತ್ತೀಯ, ಕಾಗದದಲ್ಲಿ ಆ ತೊಂದರೆ ಇಲ್ಲ. ಗಾಬರಿಯಾಗಬೇಡ, ಮೊದಲೇ ಹೇಳಿಬಿಡುತ್ತೇನೆ: ನನ್ನ ಕಣ್ಣು ಚೆನ್ನಾಗಿದೆ.

ನಿಮ್ಮಮ್ಮನ ವರ್ಷಾಬ್ದಿಕ ಮುಗಿಸಿ ನೀನು ಹೊರಟ ಮೇಲೆ, ನವೆಂಬರಿನಲ್ಲಿ, ಅವಳ ಕ್ಯಾಮರಾವನ್ನು ಹೊರಗೆ ತೆಗೆದೆ. ಬೀರುವಿನಲ್ಲೇ ಇಟ್ಟರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ ಎಂದು ಯಾರೋ ಹೆದರಿಸಿದ್ದರು. ರೈಲ್ವೆಯಿಂದ ನಿವೃತ್ತನಾದ ಮೇಲೆ ಅವಳ ಬಳಿ ನನಗೆ ಸಿಕ್ಕಿದ್ದ ಉದ್ಯೋಗವೆಂದರೆ ಟ್ರೈಪಾಡ್ ಹೊರುವುದು. ಕ್ಯಾಮರಾ ಹತ್ತಿರ ಹೋದರೆ "ಬೀಳಿಸ್ತೀರಾ, ದೂರ ಇರಿ" ಅನ್ನುತ್ತಿದ್ದಳು. ಆದರೂ ಕಿವಿಗೆ ಬಿದ್ದದ್ದನ್ನು ಮರೆತಿರಲಿಲ್ಲ. ಹಾರುವ ಹಕ್ಕಿಗೆ ಶಟರ್ ಎರಡು ಸಾವಿರದಲ್ಲೊಂದು ಸೆಕೆಂಡಿಗಿಂತ ನಿಧಾನವಾಗಬಾರದು, ಕೂತ ಹಕ್ಕಿಗೆ ಅಷ್ಟು ಬೇಡ, ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸಬೇಕು, ಫೋಕಸ್ ಯಾವಾಗಲೂ ಹಕ್ಕಿಯ ಕಣ್ಣಿನ ಮೇಲೆ.

ಪಳ್ಳಿಕರಣೈ ಜೌಗಿಗೆ ಹೋಗಿ ಕಣ್ಣಿಟ್ಟು ನೋಡಿದರೆ ಎಲ್ಲ ಮಂಜು. ರಾಜಹಂಸಗಳ ಸಾಲು ಒಣಹಾಕಿದ ಪಂಚೆಗಳಂತೆ ಕಂಡಿತು. ಆಟೋಫೋಕಸ್ ಕೆಟ್ಟಿದೆ ಎಂದು ಅದನ್ನು ಆಫ್ ಮಾಡಿ, ಲೆನ್ಸಿನ ಉಂಗುರವನ್ನು ಕೈಯಲ್ಲೇ ತಿರುಗಿಸಿದೆ. ಫೋಟೋಗಳೂ ಮಂಜಾದವು. ಭಾರಕ್ಕೆ ಕೈ ನಡುಗುತ್ತಿದೆಯೇನೋ ಎಂದು ಆರುನೂರು ಎಂಎಂ ಜೂಮ್ ಬಿಚ್ಚಿಟ್ಟು, ಹಗುರವಾದ ನಾನೂರರ ಲೆನ್ಸ್ ಹಾಕಿದೆ. ಶಟರ್ ವೇಗ ಇನ್ನೂ ಹೆಚ್ಚಿಸಿದೆ. ಫೋಟೋ ಕತ್ತಲಾಯಿತು. ಐಎಸ್‌ಒ ಏರಿಸಿದೆ, ರವೆ ಚೆಲ್ಲಿದಂತೆ ಕಾಳುಕಾಳಾಯಿತು. ಮಂಜು ಮಾತ್ರ ಜಗ್ಗಲಿಲ್ಲ. ಕೆಟ್ಟಿರುವುದು ಲೆನ್ಸಲ್ಲ, ನನ್ನ ಕಣ್ಣು ಎಂದುಕೊಂಡೆ.

ನನ್ನಪ್ಪನಿಗೆ, ಅಂದರೆ ನಿಮ್ಮ ತಾತನಿಗೆ, ಬಲಗಣ್ಣು ಮಂಜಾಗುವುದರಿಂದ ಶುರುವಾಗಿ ಕೊನೆಗೆ ಎರಡೂ ಹೋದದ್ದು ನಿನಗೆ ಗೊತ್ತು. ಒಮ್ಮೆ ಭಯ ಹೊಕ್ಕರೆ ಮುಗಿಯಿತು. ಒಂದು ಕಣ್ಣು ಮುಚ್ಚಿಕೊಂಡು ಕ್ಯಾಲೆಂಡರ್ ನೋಡುವುದು, ಎದುರಿನ ಅಂಗಡಿಯ ಬೋರ್ಡ್ ಓದುವುದು, ಇದೇ ನನ್ನ ಕಸುಬಾಯಿತು. ಅಕ್ಷರ ಕಂಡರೂ ಧೈರ್ಯ ಬರುತ್ತಿರಲಿಲ್ಲ. ನಿನಗೆ ಹೇಳಿದರೆ ರಜೆ ಹಾಕಿ ಓಡಿಬಂದು ನನ್ನನ್ನು ಹೊಸಪೇಟೆಗೆ ಸಾಗಿಸುತ್ತೀಯ ಎಂದು ಬಾಯಿ ಬಿಡಲಿಲ್ಲ. ಹತ್ತಿರದ ಕಣ್ಣಿನ ಡಾಕ್ಟರಮ್ಮ ಹನಿ ಹಾಕಿ, ಒತ್ತಡ ಪರೀಕ್ಷಿಸಿ, "ಕಣ್ಣು ನಲ್ಲಾ ಇರುಕ್ಕು ಸಾರ್, ಪೋಯ್ ನಿಮ್ಮದಿಯಾ ತೂಂಗುಂಗ" ಎಂದರು. ಕಣ್ಣು ಚೆನ್ನಾಗಿದೆ, ಹೋಗಿ ನೆಮ್ಮದಿಯಾಗಿ ನಿದ್ದೆ ಮಾಡಿ ಅಂತ. ನಾನು ನಂಬಲಿಲ್ಲ. ಒಂಟಿ ಮುದುಕನಿಗೆ ನಿಜ ಹೇಳಲು ಮನಸ್ಸು ಬಂದಿಲ್ಲ ಎಂದುಕೊಂಡೆ.

ನಿನ್ನೆ ಭಾನುವಾರ ಸರಸಾ ಬಂದರು. ಕ್ರೋಂಪೇಟೆಯಲ್ಲಿ ಹೋಟೆಲ್ ನಡೆಸುವ ಉಡುಪಿಯವರು, ನಿಮ್ಮಮ್ಮನ ಜೊತೆ ಹಕ್ಕಿ ನೋಡಲು ಬರುತ್ತಿದ್ದ ಗೆಳತಿ. ಬಲವಂತವಾಗಿ ಜೌಗಿಗೆ ಎಳೆದುಕೊಂಡು ಹೋದರು. ಅಲ್ಲಿ ಕ್ಯಾಮರಾವನ್ನು ಅವರ ಕೈಗೆ ಕೊಟ್ಟು, "ನೀವೇ ತೆಗೀರಿ. ನನಗೆ ಇನ್ಮೇಲೆ ಆಗಲ್ಲ" ಎಂದೆ. ಅವರು ಕಣ್ಣಿಟ್ಟರು.

"ಎಂತ ಮಾರಾಯ್ರೆ ಇದು? ನನಗೂ ಪೂರಾ ಮಂಜೇ ಕಾಣ್ತದೆ!"

"ನಿಮಗೂನಾ?"

"ಹೌದು. ಕಲಾವತಿ ಕನ್ನಡಕ ತೆಗೆದಿಟ್ಟು ನೋಡ್ತಿದ್ದದ್ದಲ್ವಾ? ಇಲ್ಲೊಂದು ಚಕ್ರ ಉಂಟಲ್ಲ, ಅವಳ ಕಣ್ಣಿಗೆ ಸರಿಯಾಗಿ ತಿರುಗಿಸಿಟ್ಟದ್ದು. ನೀವು ಇದನ್ನು ಮುಟ್ಟಲೇ ಇಲ್ವಾ?"

ಕಣ್ಣಿಡುವ ಗಾಜಿನ ಪಕ್ಕದಲ್ಲಿ ಕಡಲೆಕಾಳಿನಷ್ಟು ಚಕ್ರ. ನೋಡುವವರು ತಮ್ಮ ಕಣ್ಣಿನ ನಂಬರಿಗೆ ಹೊಂದಿಸಿಕೊಳ್ಳಬೇಕಂತೆ. ನಾನು ಕಣ್ಣಿಟ್ಟೆ, ಸರಸಾ ಟಕಟಕನೆ ತಿರುಗಿಸಿದರು. ಮಂಜು ಸರಿಯಿತು. ಕಂಬಿಯ ಮೇಲೊಂದು ಮಿಂಚುಳ್ಳಿ, ಅದರ ಕೊಕ್ಕಿನಲ್ಲಿ ಮೀನು, ಆ ಮೀನಿನ ಕಣ್ಣೂ ಕಂಡಿತು ಕಣೇ! ಅಲ್ಲೇ ರಸ್ತೆ ಬದಿಯಲ್ಲಿ ಕೂತು ನಕ್ಕೆ, ಆಮೇಲೆ ಅಳುವೂ ಬಂತು. ಎರಡು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. "ಬಸ್ಸಿನವರೆಲ್ಲ ನೋಡ್ತಾರೆ, ಏಳಿ" ಎಂದು ಸರಸಾ ಗದರಿಸಿ, ಹೋಟೆಲಿಗೆ ಕರೆದೊಯ್ದು ಬನ್ಸ್ ತಿನ್ನಿಸಿದರು.

ಡಾಕ್ಟರಮ್ಮ ಹೇಳಿದಂತೆ ನೆಮ್ಮದಿಯಾಗಿ ಮಲಗಿದ್ದು ನಿನ್ನೆಯೇ. ಆಟೋಫೋಕಸ್ ಮತ್ತೆ ಆನ್ ಆಗಿದೆ, ಪಾಪ, ಅದರ ಮೇಲೆ ಸುಮ್ಮನೆ ಗೂಬೆ ಕೂರಿಸಿದ್ದೆ. ಮಂಜಿನೊಳಗೇ ನೋಡುತ್ತಾ ಕೈಯಲ್ಲಿ ಫೋಕಸ್ ಮಾಡಿದ್ದಕ್ಕೇ ಫೋಟೋಗಳೂ ಕೆಟ್ಟದ್ದು. ಮಿಂಚುಳ್ಳಿಯ ಫೋಟೋ ವಾಟ್ಸಾಪಿನಲ್ಲಿ ಕಳಿಸುತ್ತೇನೆ, ಚೆನ್ನಾಗಿದೆ ಅನ್ನಲೇಬೇಕು. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಆಫೀಸಿನ ಗಡಿಬಿಡಿಯಲ್ಲಿ ಊಟ ಬಿಡಬೇಡ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ನಂಜುಂಡ

ತಾ.ಕ.: ಬರೆದು ಮುಗಿಸಿದ ಮೇಲೆ ಹೊಳೆಯಿತು. ಆ ಚಕ್ರ ನಿಮ್ಮಮ್ಮ ಕೊನೆಯ ಸಲ ತಿರುಗಿಸಿ ಬಿಟ್ಟ ಜಾಗದಲ್ಲೇ ಇತ್ತು. ಇಷ್ಟು ದಿನ ನಾನು ಹೆದರಿದ ಮಂಜಿನಲ್ಲೇ ಅವಳಿಗೆ ಹಕ್ಕಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಈಗ ಎದ್ದು ಹೋಗಿ ಅದನ್ನು ಮತ್ತೆ ಅವಳ ಜಾಗಕ್ಕೆ ತರಲು ನೋಡಿದೆ. ಎಲ್ಲಿ ನಿಲ್ಲಿಸಬೇಕೋ ತಿಳಿಯಲಿಲ್ಲ, ಎಲ್ಲ ಒಂದೇ ಥರ ಮಂಜು. ಹೋದ ಲೋಕದಲ್ಲಿ ಕಣ್ಣು ಕಾಣದೆ ಒದ್ದಾಡಬಾರದೆಂದು ಅವಳ ಕನ್ನಡಕವನ್ನು ಅವಳ ಜೊತೆಗೇ ಕಳಿಸಿಬಿಟ್ಟೆವಲ್ಲ. ಅದರ ನಂಬರ್ ಎಷ್ಟಿತ್ತು ಮಗಳೇ, ನಿನಗೇನಾದರೂ ನೆನಪಿದೆಯಾ? ನನಗೆ ಗೊತ್ತಿಲ್ಲ.