ನಾಲ್ಕೂವರೆ ಎಂದರೆ ನಾಲ್ಕೂವರೆ ಏನು?

ಹೊಸ ತೂಕ, ಹೊಸ ಅಳತೆಗಳನ್ನು ನಮಗೆ ದಯಪಾಲಿಸಿರುವ ಮಾನ್ಯ ಅಧಿಕಾರಿಗಳೇ,

ತಮ್ಮ ಕಿಲೋಗ್ರಾಮಿನ ದೆಸೆಯಿಂದ ನನ್ನ ಎರಡು ತಿಂಗಳ ಮಗ ಆರು ದಿನ ಅರೆಹೊಟ್ಟೆಯಲ್ಲಿದ್ದ. ಅವನ ತಾಯಿ ಆರು ದಿನ ತಪ್ಪಿತಸ್ಥಳಾಗಿದ್ದಳು. ಇದೇ ನನ್ನ ದೂರು. ಮೊದಲು ತಮ್ಮ ಕಚೇರಿಗೇ ಬರೆದು ತಿಳಿಸಿದ್ದೆ. "ಸದರಿ ನಿಯಮಗಳು ವ್ಯಾಪಾರಕ್ಕೆ ಸಂಬಂಧಿಸಿದವು, ಶಿಶುಗಳು ಮಾರಾಟದ ಸರಕಲ್ಲವಾದ್ದರಿಂದ ತಮ್ಮ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ" ಎಂದು ಉತ್ತರ ಬಂತು. ಶಿಶು ಸರಕಲ್ಲ ಎಂಬ ಸಂಗತಿ ಸರ್ಕಾರದ ಗಮನಕ್ಕೆ ಬಂದಿರುವುದು ಸಂತೋಷ. ಅರ್ಜಿ ಮುಕ್ತಾಯವಾದರೂ ನನ್ನ ಕೋಪ ಮುಕ್ತಾಯವಾಗಿಲ್ಲ. ಆದ್ದರಿಂದ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಹೊಸ ಅಳತೆಯ ವಿರೋಧಿಯಲ್ಲ. ಹನ್ನೆರಡು ಇಂಚಿಗೆ ಒಂದು ಅಡಿ, ಹದಿನಾರು ಔನ್ಸಿಗೆ ಒಂದು ಪೌಂಡು ಎಂದು ಉರು ಹೊಡೆಯುತ್ತಾ ಬೆತ್ತದ ಏಟು ತಿಂದವನಿಗೆ ಹತ್ತರ ಲೆಕ್ಕ ಕಹಿಯಾದೀತೇ? ಆದರೆ ಈಗ ನಡೆದಿರುವುದೇನು? ಅಕ್ಕಿ ಸೇರಿನಲ್ಲಿ, ಸಕ್ಕರೆ ಕಿಲೋದಲ್ಲಿ, ರವಿಕೆ ಬಟ್ಟೆ ಗಜದಲ್ಲಿ, ಕೆಂಗೇರಿಯ ದಾರಿ ಮೈಲಿಯಲ್ಲಿ. ಬೆಳಗ್ಗೆ ಚೀಲ ಹಿಡಿದು ಹೊರಟ ಗೃಹಸ್ಥ ಮನೆಗೆ ಮರಳುವಷ್ಟರಲ್ಲಿ ನಾಲ್ಕು ರಾಜ್ಯಭಾರಗಳಿಗೆ ಕಪ್ಪ ಒಪ್ಪಿಸಿರುತ್ತಾನೆ.

ಈಗ ಮಗನ ವಿಷಯ. ಹುಟ್ಟಿದಾಗ ಆಸ್ಪತ್ರೆಯವರು ಒಂದು ಕಾರ್ಡು ಕೊಟ್ಟು, ಅದರಲ್ಲಿ ತೂಕ "7½" ಎಂದು ಬರೆದಿದ್ದರು. ಎರಡು ತಿಂಗಳಿಗೆ ಮತ್ತೆ ಕರೆದೊಯ್ದೆವು. ಈ ಸಲ "4½" ಎಂದು ಬರೆದರು. ಮುಂದೆ ಒಂದಕ್ಷರವೂ ಇಲ್ಲ. ಮನೆಗೆ ಬಂದು ಅದನ್ನು ಗಟ್ಟಿಯಾಗಿ ಓದಿದ ಮಹಾನುಭಾವ ನಾನೇ.

ಬಾಣಂತನಕ್ಕೆಂದು ದಾವಣಗೆರೆಯಿಂದ ಬಂದಿದ್ದ ನನ್ನ ತಾಯಿ ಬಸವ್ವ ಮಗುವನ್ನು ಮೇಲೆತ್ತಿ ನೋಡಿದರು. "ಕೂಸು ಅರ್ಧ ಕರಗೇತಲ್ಲೋ," ಎಂದರು. "ನಿನ್ನ ಹೆಂಡ್ತಿ ಹಾಲಿನಾಗೆ ಸತ್ವ ಇಲ್ಲ."

ನನ್ನ ಹೆಂಡತಿ ಕಮಲಾಕ್ಷಮ್ಮ ಒಂದೇ ಮಾತು ಹೇಳಿದಳು. "ನನ್ನ ತೋಳಿಗೆ ದಿನಾ ಭಾರ ಆಗ್ತಾ ಇದಾನೆ. ಕಾರ್ಡಲ್ಲಿ ಮಾತ್ರ ಹೇಗೆ ಹಗುರ ಆದ?"

ನಾನೇನು ಮಾಡಿದೆ ಕೇಳಿ. ಕಾರ್ಡನ್ನು ಇನ್ನೊಮ್ಮೆ ಓದಿದೆ. ಸರ್ಕಾರಿ ಅಂಕಿಗಿಂತ ಹೆಂಡತಿಯ ತೋಳು ದೊಡ್ಡದೇ? ಇಂಚಿನ ಸಾವಿರದಲ್ಲೊಂದು ಪಾಲು ತಪ್ಪಿದರೆ ಕಬ್ಬಿಣವನ್ನೇ ತಿರಸ್ಕರಿಸುವ ನಾನು, ನಾಲ್ಕೂವರೆ ಏನು ಎಂದು ಕೇಳಲಿಲ್ಲ.

ಮಾರನೆಯ ದಿನದಿಂದ ಡಬ್ಬಿಯ ಹಾಲಿನ ಪುಡಿ ಬಂತು. ನನ್ನ ತಾಯಿ ಅದನ್ನು ಕಲಸಿ ಚಮಚದಲ್ಲಿ ಹಾಕುವರು, ಮಗು ಉಗುಳುವುದು. ಕಮಲಾಕ್ಷಮ್ಮನ ಕಡೆ ತಿರುಗಿ ಅತ್ತರೆ, "ನೀರು ಕುಡಿಸಿ ಏನು ಮಾಡ್ತಿ?" ಎಂದು ಕಿತ್ತುಕೊಳ್ಳುವರು. ಕದ್ದುಮುಚ್ಚಿ ಎರಡು ಸಲ ಎದೆಗೆ ಹಚ್ಚಿಕೊಂಡರೆ ಅದೇ ಹೆಚ್ಚು. ಕಮಲಾಕ್ಷಮ್ಮನ ರವಿಕೆ ಒದ್ದೆಯಾಗಿರುತ್ತಿತ್ತು. ಸತ್ವವಿಲ್ಲದ ಹಾಲು ಅಷ್ಟು ಧಾರಾಳವಾಗಿ ಯಾಕೆ ಸುರಿಯುತ್ತದೆ ಎಂದೂ ನನಗೆ ಹೊಳೆಯಲಿಲ್ಲ. ನನ್ನ ತಾಯಿಯನ್ನು ದೂರಲಾರೆ. ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟ ಜೀವ ಅದು. ಅವರಿಗೆ ಕಾಣಿಸಿದ್ದು ಅಂಕಿಯಲ್ಲ, ಮೂರನೆಯ ಗುಂಡಿ.

ಏಳನೆಯ ದಿನ ಬೆಳಗ್ಗೆ ಕಮಲಾಕ್ಷಮ್ಮ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಚಪ್ಪಲಿ ಮೆಟ್ಟಿದಳು. ಯಾರನ್ನೂ ಕೇಳಲಿಲ್ಲ. ನಾನು ಕಾರ್ಡು ಹಿಡಿದು ಹಿಂದೆಯೇ ಓಡಿದೆ. ಅವಳು ನಿಂತದ್ದು ನಮ್ಮ ಬೀದಿಯ ಕೊನೆಯಲ್ಲಿ ಕಾಫಿ ಬೀಜ ಹುರಿದು ಪುಡಿ ಮಾಡಿ ಮಾರುವ ಜಂಬಣ್ಣನವರ ಅಂಗಡಿಯ ಮುಂದೆ.

"ಅರ್ಧ ಪೌಂಡಾ ಅಮ್ಮ?"

"ಪುಡಿ ಬೇಡ. ಇವನನ್ನ ತೂಗಿಕೊಡಿ."

ಜಂಬಣ್ಣ ನಗಲಿಲ್ಲ. ದೊಡ್ಡ ತಕ್ಕಡಿಯ ತಟ್ಟೆ ತೊಳೆದು, ಒಗೆದ ಟವೆಲು ಹಾಸಿದರು. ತೂಕ ತಪ್ಪಬಾರದೆಂದು ಅಂಥದ್ದೇ ಟವೆಲನ್ನು ಆ ಕಡೆಯ ತಟ್ಟೆಗೂ ಹಾಕಿದರು. ಆಮೇಲೆ ಕೇಳಿದರು: "ಯಾವುದರಲ್ಲಿ ತೂಗಲಿ? ಹಳೇ ಕಲ್ಲಲ್ಲೋ, ಹೊಸದರಲ್ಲೋ?"

ಮಾನ್ಯರೇ, ಇಡೀ ಬಡಾವಣೆಯಲ್ಲಿ ಈ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಒಬ್ಬ ಕಾಫಿ ಪುಡಿ ವ್ಯಾಪಾರಿ.

"ಎರಡರಲ್ಲೂ," ಎಂದಳು ನನ್ನ ಹೆಂಡತಿ.

ಐದು ಪೌಂಡಿನ ಎರಡು ಕಲ್ಲು ಇಟ್ಟರು; ಮುಳ್ಳು ಕೂದಲೆಳೆಯಷ್ಟು ವಾಲಿತು. ಅವನ್ನು ತೆಗೆದು ಎರಡು ಕಿಲೋದ ಎರಡು, ಅರ್ಧ ಕಿಲೋದ ಒಂದು ಇಟ್ಟರು; ಮುಳ್ಳು ನೆಟ್ಟಗೆ ನಿಂತಿತು. ಜಂಬಣ್ಣ ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು ನೋಡಿದರು. "ಮೊದಲನೇದು ಪೌಂಡು ಸಾರ್, ಇದು ಕಿಲೋ. ಮಗು ಕಮ್ಮಿ ಆಗಿಲ್ಲ, ಎರಡೂವರೆ ಪೌಂಡು ಜಾಸ್ತಿ ಆಗಿದೆ."

ಕಮಲಾಕ್ಷಮ್ಮ ಅಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಬೀಜದ ಮೂಟೆಯ ಮೇಲೆ ಗೋಡೆಗೆ ಮುಖಮಾಡಿ ಕುಳಿತು ಅಲ್ಲೇ ಹಾಲೂಡಿಸಿದಳು. ಜಂಬಣ್ಣ ಮಿಷನ್ನು ನಿಲ್ಲಿಸಿ, ಬಾಗಿಲನ್ನು ಅರ್ಧ ಎಳೆದು, ಹೊರಗೆ ಬಂದು ನನ್ನ ಪಕ್ಕ ನಿಂತರು. ಮಗು ಗುಟುಕರಿಸುವ ಸದ್ದು ಬೀದಿಗೆ ಕೇಳುತ್ತಿತ್ತು.

ನನ್ನ ತಾಯಿ ಕ್ಷಮೆ ಕೇಳುವ ಪೈಕಿಯವರಲ್ಲ. ಅಂದು ಸೊಸೆಗೆ ಮೊದಲು ಬಡಿಸಿ, ತಟ್ಟೆಯ ಮುಂದೆಯೇ ಕುಳಿತರು. ಡಬ್ಬಿಯ ಪುಡಿ ಮುಗಿಯುವವರೆಗೂ ನನ್ನ ಕಾಫಿಗೆ ಅದೇ ಬಿತ್ತು.

ಆಸ್ಪತ್ರೆಯಲ್ಲಿ ವಿಚಾರಿಸಿದೆ. "ಹೊಸ ತಕ್ಕಡಿ ಬಂದಿದೆ ಅಂತ ನೋಟೀಸು ಹಾಕಿದೀವಲ್ಲ ಸಾರ್," ಎಂದರು. ಹಾಕಿದ್ದರು, ಮೇಲಧಿಕಾರಿಗಳ ಕೊಠಡಿಯ ಒಳಗೋಡೆಗೆ. ಅದೇ ಕಾರ್ಡಿನಲ್ಲಿ ಮಗುವಿನ ಉದ್ದ ಇನ್ನೂ ಇಂಚಿನಲ್ಲೇ ಇದೆ! ಒಂದೇ ಮಗುವಿನ ಉದ್ದ ಲಂಡನ್ನಿನದು, ತೂಕ ಪ್ಯಾರಿಸ್ಸಿನದು. ಹಸಿವು ಮಾತ್ರ ರಾಜಾಜಿನಗರದ್ದು.

ನನ್ನ ಬೇಡಿಕೆ ದೊಡ್ಡದಲ್ಲ. ಅಂಗಡಿಯಾಗಲಿ ಆಸ್ಪತ್ರೆಯಾಗಲಿ, ಅಂಕಿಯ ಮುಂದೆ ಅದು ಯಾವುದರ ಅಂಕಿ ಎಂದು ಕನ್ನಡದಲ್ಲಿ ಬರೆಯಲೇಬೇಕೆಂದು ಆಜ್ಞೆ ಮಾಡಿಸಿ. ಎರಡನೆಯದು, ಕಮಲಾಕ್ಷಮ್ಮನವರ ಹಾಲಿನಲ್ಲಿ ಯಾವ ಕೊರತೆಯೂ ಇರಲಿಲ್ಲವೆಂದು ಮೊಹರು ಹಾಕಿದ ಒಂದು ಕಾಗದ ಬೇಕು. ದಯವಿಟ್ಟು ಅದನ್ನು ನನ್ನ ಹೆಸರಿಗೆ ಕಳಿಸಬೇಡಿ. ಅವಳ ಹೆಸರಿಗೇ ಕಳಿಸಿ, ಅವಳೇ ಒಡೆದು ಓದಿಕೊಳ್ಳಲಿ.

ಇಂತಿ,
ಸದ್ಯಕ್ಕೆ ಸ್ವಂತ ಮನೆಯಲ್ಲಿ ಯಾವ ಮಾನದಲ್ಲೂ ತೂಕವಿಲ್ಲದ
ಏಕಾಂತಯ್ಯ
ರಾಜಾಜಿನಗರ, ೧೯೫೯