ಕೋಲಿಗೆ ನಿಲ್ಲಿಸದ ಹನ್ನೊಂದು ಮಂದಿ

ಸೋಮವಾರ, ಮಾರ್ಚ್ ೩

ಆರೋಗ್ಯ ಕಚೇರಿಯವರು ಮಾತು ಕೊಟ್ಟಿದ್ದು: ಹೊಳೆಯ ಕರಿನೊಣಕ್ಕೆ ಮದ್ದು. ವರ್ಷಕ್ಕೆರಡು ಸಲ ಎಲ್ಲರಿಗೂ ಹುಳುವಿನ ಮಾತ್ರೆ. ಫಿಟ್ಸ್ ಇರುವವರಿಗೆ ತಿಂಗಳು ತಿಂಗಳು ಔಷಧಿ.

ಬಂದಿದ್ದು: ವರ್ಷಕ್ಕೊಂದು ಸಲ ಮಾತ್ರೆ. ಹಂಚುವವಳಾದ ನನಗೊಂದು ಟೀ ಶರ್ಟ್. ಹೊಳೆಗೆ ಇಳಿದವರಿಲ್ಲ. ಫಿಟ್ಸ್ ಔಷಧಿ ಲಾರಿಯಲ್ಲಿದೆಯಂತೆ... ಲಾರಿ ಎರಡು ವರ್ಷದಿಂದ ದಾರಿಯಲ್ಲಿದೆಯಂತೆ.

ಇವತ್ತು ನಮ್ಮೂರು ಲುವೆಗಾದಲ್ಲಿ ಹಂಚಿ ಮುಗಿಯಿತು. ಗೆರೆ ಹಾಕಿದ ಕೋಲು ಹಿಡಿದು ಮನೆ ಮನೆ. ಎತ್ತರ ಅಳೆ, ಗೆರೆಗೆ ತಕ್ಕಷ್ಟು ಮಾತ್ರೆ ನುಂಗಿಸು. ಲಿಯೊಕಾಡಿಯಾಳ ಮಗಳು ತೆಕ್ಲಾಳನ್ನು ಅಳೆಯಲಿಲ್ಲ. ಎಂದಿನಂತೆ. ಫಿಟ್ಸ್ ಇರುವವರನ್ನು ಬಿಡಬೇಕು. ಊರಲ್ಲಿ ಅಂಥವರು ಹನ್ನೊಂದು. ಉಳಿದ ಮಾತ್ರೆ ಸೀಲ್ ಮಾಡಿ ಕಚೇರಿಗೆ ಕಳಿಸಿದೆ.

ಬುಧವಾರ, ಮಾರ್ಚ್ ೫

ದವಾಖಾನೆಗೆ ಬಂದ ಹೊಸ ನರ್ಸ್ ಗೌಡೆನ್ಸಿಯಾ ನನ್ನ ರಿಜಿಸ್ಟರ್ ತಿರುವಿದಳು.

"ಇವರನ್ನ ಯಾಕೆ ಬಿಟ್ರಿ ಅಕ್ಕಾ?"

"ಫಿಟ್ಸ್ ಕಣಮ್ಮ. ಕೊಡಬಾರದಂತೆ."

"ಯಾರು ಹೇಳಿದ್ದು?"

ಸೂಪರ್‌ವೈಸರ್ ಫುಲ್ಜೆನ್ಸ್. ಏಳು ವರ್ಷದ ಹಿಂದೆ. ಅವಳು ನಿಯಮದ ಹಾಳೆ ತೆಗೆದು ಓದಿದಳು. ಮಾತ್ರೆ ಕೊಡಬಾರದವರು: ಬಸುರಿ, ಎಳೆಗೂಸು, ಹಾಸಿಗೆ ಹಿಡಿದವರು. ಫಿಟ್ಸ್ ಎಂಬ ಪದವೇ ಇಲ್ಲ. ನೊಣ ಕಚ್ಚಿ ಮೈಗೆ ಬಿಡುವ ಹುಳು ಕಣ್ಣು ತಿನ್ನುತ್ತದೆ, ಅಷ್ಟೇ ನನಗೆ ಗೊತ್ತಿದ್ದದ್ದು. ಮಕ್ಕಳ ಫಿಟ್ಸ್‌ಗೂ ಅದೇ ಹುಳುವಿನ ನಂಟಿದೆಯಂತೆ. ಅಂದರೆ ಯಾರಿಗೆ ಮೊದಲು ಕೊಡಬೇಕಿತ್ತೋ ಅವರನ್ನೇ... ನನ್ನ ಕೈಯಾರೆ. ಏಳು ವರ್ಷ.

ಫುಲ್ಜೆನ್ಸ್‌ಗೆ ಫೋನ್ ಮಾಡಿದೆ. "ನುಂಗಿದ ದಿನವೇ ಬಿದ್ದು ಸತ್ರೆ ಯಾರ ತಲೆಗೆ ಬರುತ್ತೆ? ಬಿಡೋದೇ ಸೇಫ್ ಅಂತ ಹೇಳಿದ್ದೆ," ಅಂದ.

"ಯಾರಿಗೆ ಸೇಫ್?" ಅಂದೆ. ಫೋನ್ ಇಟ್ಟ.

ಗುರುವಾರ, ಮಾರ್ಚ್ ೬

ಲಿಯೊಕಾಡಿಯಾಗೆ ಹೇಳಿದೆ. ಒಲೆಯ ಮೇಲೆ ಉಗಾಲಿ ಮುದ್ದೆ ತಿರುವುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಏಳು ವರ್ಷ ಇದೇ ಬಾಗ್ಲಲ್ಲಿ ನಿಂತು, ನನ್ನ ಕೈಯಿಂದ ನೀರು ಇಸ್ಕೊಂಡು ಕುಡ್ದು, ನನ್ನ ಮಗಳನ್ನ ದಾಟ್ಕೊಂಡು ಹೋದೆ."

"ನಂಗೆ ಗೊತ್ತಿರ್ಲಿಲ್ಲ ಕಣೆ."

"ಕೇಳಿದ್ಯಾ?"

ಕೇಳಿರಲಿಲ್ಲ.

ತೆಕ್ಲಾಳ ಮುಂಗೈಯ ಸುಟ್ಟ ಗಾಯ ಇನ್ನೂ ಹಸಿ. ಹೋದ ತಿಂಗಳು ಫಿಟ್ಸ್ ಬಂದು ಒಲೆಗೆ ಬಿದ್ದಳು. ಜೊಲ್ಲು ತಾಗಿದರೆ ತಮಗೂ ಬರುತ್ತದೆಂದು ಜನ ಸುತ್ತ ನಿಂತರು, ಮುಟ್ಟಲಿಲ್ಲ. ಕಚೇರಿಯ ಟೀ ಶರ್ಟ್ ಹಾಕಿಕೊಂಡು ನಾನೂ ನಿಂತಿದ್ದೆ.

ಮಂಗಳವಾರ, ಮಾರ್ಚ್ ೧೧

ಹನ್ನೊಂದೂ ಮನೆಯವರು ಕಚೇರಿಗೆ ನಡೆದೆವು. ನಾವು ಕಳಿಸಿದ ಮಾತ್ರೆ ಬೀರುವಿನಲ್ಲೇ ಇದೆ. ಸೀಲ್ ಕಾಣುತ್ತಿತ್ತು.

"ಈ ಸಲದ್ದು ಮುಗೀತು. ಮುಂದಿನ ವರ್ಷ ನೋಡೋಣ," ಅಂದ ಫುಲ್ಜೆನ್ಸ್.

ಲಿಯೊಕಾಡಿಯಾ ನನ್ನ ಕೈಯಿಂದ ಕೋಲು ಕಿತ್ತುಕೊಂಡು ಅವನ ಮೇಜಿಗೆ ಆನಿಸಿ ಮಗಳನ್ನು ನಿಲ್ಲಿಸಿದಳು.

"ಹದಿಮೂರು ವರ್ಷ ಇವಳಿಗೆ, ಬ್ವಾನಾ ಸಾಹೇಬ್ರೇ. ಫಿಟ್ಸ್ ಶುರುವಾದ್ಮೇಲೆ ಬೆಳೆದೇ ಇಲ್ಲ, ನಿಂತಿರೋದು ಆರು ವರ್ಷದವರ ಗೆರೇಲಿ. ಮುಂದಿನ ವರ್ಷನೂ ಇಲ್ಲೇ ನಿಂತಿರ್ತಾಳೆ, ಬದುಕಿದ್ರೆ."

ಹಿಂದಿನಿಂದ ಮುದುಕ ಕಾಸಿಯಾನ್: "ಬ್ವಾನಾನ್ನೂ ಒಂದ್ಸಲ ಅಳೀರಮ್ಮ. ಎಷ್ಟು ನುಂಗಿಸ್ಬೇಕು ನೋಡೋಣ." ಜನ ನಕ್ಕರು. ಫುಲ್ಜೆನ್ಸ್ ನಗಲಿಲ್ಲ. ಹಾಳೆ ತೆಗೆದು ಬರೆದ: 'ಹಂಚುವವಳ ಅಜಾಗರೂಕತೆಯಿಂದ ಬಿಟ್ಟುಹೋಗಿದೆ.' ಸಹಿ ಹಾಕು, ನಾಳೆಯೇ ಮಾತ್ರೆ ಅಂದ.

ಹಾಕಿದೆ. ಬಿಟ್ಟಿದ್ದು ನಾನೇ ತಾನೇ. ಕೆಳಗೆ ಇನ್ನೊಂದು ಸಾಲು ಬರೆದೆ: ಬಿಡು ಎಂದವರು ಫುಲ್ಜೆನ್ಸ್.

ಹಾಳೆ ಹರಿದ.

ಲಿಯೊಕಾಡಿಯಾ ಚೂರುಗಳನ್ನು ಆಯ್ದು ಸೆರಗಿಗೆ ಕಟ್ಟಿಕೊಂಡಳು. ಐದು ದಿನದ ಮೇಲೆ ಇವತ್ತು ನನ್ನ ಜೊತೆ ಮಾತಾಡಿದಳು. "ಎರಡೂ ಸಾಲು ಇರೋ ಹಾಳೆ ಬರಿ. ಹನ್ನೊಂದು ಮನೆಯವರೂ ಹೆಬ್ಬೆಟ್ಟು ಒತ್ತುತೀವಿ." ಗೌಡೆನ್ಸಿಯಾ ದೊಡ್ಡ ಡಾಕ್ಟರಿಗೆ ಸುದ್ದಿ ಮುಟ್ಟಿಸಿದ್ದಾಳೆ. ಬರುತ್ತಾರಂತೆ.

ಡಾಕ್ಟರು ಬರುವುದು, ನಾವು ಹಾಳೆ ಕೊಡುವುದು: ದವಾಖಾನೆಯ ಅಂಗಳ. ಮಾರ್ಚ್ ೧೪, ಶುಕ್ರವಾರ, ಬೆಳಿಗ್ಗೆ ಒಂಬತ್ತಕ್ಕೆ.