ಮರಾಂಗೊ ದಂಡೆಯ ಒಲೆಮೌನ

ಮರಾಂಗೊ ನದಿಯ ಎಡದಂಡೆ
೨೧೮೭ನೇ ಇಸವಿ, ಹದಿಮೂರನೇ ತಿಂಗಳ ಎರಡನೇ ದಿನ

ಹಿಂದಿನ ಕಾಲದ ಅಕ್ಕಂದಿರಿಗೆ ಪಾವುಲಿನಾಳ ನಮಸ್ಕಾರ. ನಿಮ್ಮಲ್ಲಿಲ್ಲದ ತಿಂಗಳನ್ನು ಬರೆದಿದ್ದಕ್ಕೆ ಕ್ಷಮೆಯಿರಲಿ. ಮಳೆ ದಿಕ್ಕೆಟ್ಟ ಮೇಲೆ ನಾವು ವರ್ಷಕ್ಕೆ ಇನ್ನೊಂದು ತಿಂಗಳು ಕೂಡಿಸಿಕೊಂಡಿದ್ದೇವೆ. ನನ್ನ ಕನ್ನಡವೂ ವಿಚಿತ್ರವೆನಿಸಬಹುದು. ಯಲ್ಲಾಪುರದ ಕಾಡಿನಿಂದ ಆಫ್ರಿಕಾಕ್ಕೆ ಮರಳಿ ಬಂದ ಸಿದ್ದಿ ಮುತ್ತಜ್ಜಿಯಿಂದ ಬಾಯಿಂದ ಬಾಯಿಗೆ ಇಳಿದು ಬಂದ ಮಾತು ಇದು, ಸವೆದಿದೆ.

ನಿಮ್ಮ ಕಾಲದಲ್ಲಿ ಈ ಖಂಡದ ಹೆಂಗಸರು ಊರೂರು ಅಲೆದು, ಮರದಡಿ ಸಭೆ ಸೇರಿಸಿ, ಶಾಂತಿಯ ಮಾತುಕತೆಯಲ್ಲಿ ತಮಗೂ ಜಾಗ ಬೇಕೆಂದು ಕೇಳುತ್ತಿದ್ದಾರಂತೆ. ಅವರ ದೆಸೆಯಿಂದಲೇ ನಮಗೆ ಒಲೆಮೌನ ಬಂತು. ಎರಡು ದಂಡೆಯ ಗಂಡಸರು ಬಂದೂಕು ಹಿಡಿದರೆ ಎರಡೂ ಕಡೆಯ ಹೆಂಗಸರು ಒಟ್ಟಿಗೆ ಅಡುಗೆ ನಿಲ್ಲಿಸುತ್ತೇವೆ. ನಮ್ಮವು ಬಿಸಿಲು ಕುಡಿದು ಕಾಯುವ ಒಲೆಗಳು, ಮೇಲೆ ಕಂಬಳಿ ಹೊದಿಸಿದರೆ ಆಯಿತು. ಮಕ್ಕಳಿಗೂ ಮುದುಕರಿಗೂ ನೆನೆಸಿದ ಕಾಳು, ಹಣ್ಣು ಕೊಡುತ್ತೇವೆ. ಬಂದೂಕಿನವರಿಗೆ ಏನೂ ಇಲ್ಲ. ಹೊಟ್ಟೆ ತಾಳ ಹಾಕತೊಡಗಿದರೆ ಎಂಥ ಶೂರನೂ ಮಾತುಕತೆಯ ಚಾಪೆಗೆ ಬಂದು ಕೂರುತ್ತಾನೆ.

ಕಳೆದ ಸುಗ್ಗಿಯಲ್ಲಿ ಹೀಗೇ ಕೂತರು. ನಮ್ಮ ಹೆಂಗಸರ ಪರವಾಗಿ ನನ್ನ ಸೋದರತ್ತೆ ನತಾಲಿ ಕೂತಿದ್ದಳು, ಆಚೆ ದಂಡೆಯಿಂದ ನ್ಯಾಬೋಕೆ ಎಂಬಾಕೆ. ಇಬ್ಬರ ಬೇಡಿಕೆಯೂ ಒಂದೇ. ಜಗಳದಲ್ಲಿ ನೀರಿನ ಕೊಳವೆಗಳು ಒಡೆದಿದ್ದವು, ಹುಡುಗಿಯರು ಹೊಳೆಗೇ ಹೋಗಬೇಕಿತ್ತು. ಅವರೊಂದಿಗೆ ಕಾವಲುಜೋಡಿ, ಅಂದರೆ ದಂಡೆಗೊಬ್ಬಳಂತೆ ಇಬ್ಬರು ಕಾವಲಿನ ಹೆಂಗಸರು, ನಡೆಯಬೇಕು. ಮಾತು ಅಲ್ಲಿಗೆ ಬರುವ ಹೊತ್ತಿಗೆ ಹಿರಿಯನೊಬ್ಬ ಹೊಟ್ಟೆ ಸವರಿಕೊಂಡು, ಹೇಗೂ ಗೆದ್ದಿರಲ್ಲ, ಇನ್ನಾದರೂ ತುತ್ತು ಹಾಕಿ ಎಂದ. ಅತ್ತೆ, ನ್ಯಾಬೋಕೆ ಇಬ್ಬರೂ ಅಡುಗೆಗೆಂದು ಚಾಪೆಯಿಂದ ಎದ್ದೇ ಬಿಟ್ಟರು. ಹೆಂಗಸರೆಲ್ಲ ಹಿಗ್ಗಿ ಹೀರೇಕಾಯಿಯಾಗಿ ಕಂಬಳಿ ತೆಗೆದು ಮೀನು ಬೇಯಿಸಿದರು. ಬಡಿಸಲು ಹೋಗುವಷ್ಟರಲ್ಲಿ ಒಪ್ಪಂದ ಮುಗಿದಿತ್ತು. ದನ ಯಾರಿಗೆ, ಹುಲ್ಲುಗಾವಲು ಯಾರಿಗೆ, ಎಲ್ಲವೂ ಇತ್ತು. ಕಾವಲುಜೋಡಿ ಇರಲಿಲ್ಲ.

ಆಮೇಲೆ ಹೊಳೆಗೆ ಹೋದ ಇಬ್ಬರು ಹುಡುಗಿಯರು ಮರಳಲಿಲ್ಲ. ಒಬ್ಬಳು ನ್ಯಾಬೋಕೆಯ ಮೊಮ್ಮಗಳು. ಅತ್ತೆಯನ್ನು ಕೇಳಿದರೆ, "ಮನಿಗೆ ಬಂದವ್ರನ್ನ ಹಸ್ದು ಕಳ್ಸೂದು ಹೆಂಗೆ ಮಗಾ?" ಎನ್ನುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ. ಬೈಯಲು ಬಾಯಿ ಬರುವುದಿಲ್ಲ, ಅವಳ ಕೈತುತ್ತು ತಿಂದೇ ಬೆಳೆದವಳು ನಾನು.

ಈಗ ಮತ್ತೆ ಬಂದೂಕು, ಮತ್ತೆ ಒಲೆಮೌನ. ನಾಳೆ ಚಾಪೆ ಹಾಸುತ್ತಾರೆ. ಅತ್ತೆಯೇ ಕೂರುವವಳು, ಹಿರಿತನ ಅವಳದು. ಬೆಳಗಿನಿಂದ ದೊಡ್ಡ ಹಂಡೆ ಉಜ್ಜುತ್ತಿದ್ದಾಳೆ. ಯಾಕೆ ಎಂದರೆ, "ಸುಮ್ನೆ, ಕರೆ ಹಿಡದೈತಿ" ಎಂದಳು. ಕಳೆದ ಸಲ ಮೀನು ಬೇಯಿಸಿದ್ದೂ ಅದೇ ಹಂಡೆಯಲ್ಲಿ.

ನಾಳೆಯದನ್ನು ನೀವು ತಡೆಯಲಾರಿರಿ, ಬಲ್ಲೆ. ಆದರೆ ಆ ಮರದಡಿಯ ಸಭೆಗಳು ಇನ್ನೂ ನಿಮ್ಮ ಕಾಲದಲ್ಲೇ ಇವೆ. ಜಾಗ ಕೇಳುವುದನ್ನು ಕಲಿಸುವ ಹೆಂಗಸರಿಗೆ ಹೇಳಿ, ಸಿಕ್ಕ ಜಾಗದಿಂದ ಏಳದಿರುವುದನ್ನೂ ಕಲಿಸಲಿ. ಕೊನೆಯ ಮಾತು ಮುಗಿಯುವವರೆಗೆ ಬಂದ ಅತಿಥಿ ಹಸಿದಿರಲಿ, ಅದು ಪಾಪವಲ್ಲ. ಇದನ್ನು ಈಗಲೇ ರೂಢಿ ಮಾಡಿ, ನಮ್ಮವರೆಗೆ ಬರುವಷ್ಟರಲ್ಲಿ ರಕ್ತದಲ್ಲಿ ಇಳಿದಿರಲಿ.

ನನ್ನ ಮಗಳು ನೆಕೆಸಾ ಹೊಳೆಗೆಂದು ಕೊಡ ತೆಗೆದುಕೊಂಡು ಹೊಸ್ತಿಲು ದಾಟಿದಳು. ಇಲ್ಲಿಗೆ ನಿಲ್ಲಿಸುತ್ತೇನೆ. ಸದ್ಯಕ್ಕೆ ಅವಳ ಕಾವಲು ನಾನೊಬ್ಬಳೇ.